ಡಾಸ್ ಯಂತ್ರಕ್ಕೆ ಒಂದು ದರ, ವಿಂಡೋಸ್ ಯಂತ್ರಕ್ಕೆ ಇನ್ನೊಂದು ದರ: ಈ ವ್ಯತ್ಯಾಸದಲ್ಲಿ ನಾವು ಕೊಳ್ಳುತ್ತಿರುವುದು ಏನನ್ನು?

ಪ್ರಶ್ನೆ: ಗಣಿತದ ಮೇಷ್ಟ್ರು, ಶಿರಸಿ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕ. ಕಂಪ್ಯೂಟರ್ ಕೊಠಡಿಯ ಹೊಣೆಯೂ ನನ್ನದೇ. ಹಳೆಯ ವಿದ್ಯಾರ್ಥಿಗಳು ಸೇರಿಸಿಕೊಟ್ಟ ದೇಣಿಗೆಯಲ್ಲಿ ಹತ್ತು ಹೊಸ ಕಂಪ್ಯೂಟರುಗಳನ್ನು ಕೊಳ್ಳಲು ಎಸ್‌ಡಿಎಂಸಿ ಸಭೆಯಲ್ಲಿ ತೀರ್ಮಾನವಾಗಿ, ಮೂವರು ಮಾರಾಟಗಾರರಿಂದ ಕೊಟೇಶನ್ ತರಿಸಿದ್ದೇನೆ. ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಅರ್ಥವಾಗದೆ ಉಳಿದ ಸಾಲು ಒಂದೇ, ಅದು ಆಪರೇಟಿಂಗ್ ಸಿಸ್ಟಂನದು.

ಮೊದಲನೆಯವರು ‘ಡಾಸ್’ ಎಂದು ಬರೆದಿದ್ದಾರೆ. ವಿಚಾರಿಸಿದಾಗ, ಅದರಲ್ಲಿ ವಿಂಡೋಸ್ ಇರುವುದಿಲ್ಲ, ನೀವೇ ಹಾಕಿಸಿಕೊಳ್ಳಬೇಕು ಎಂದರು. ಎರಡನೆಯವರದು ಅದೇ ಪ್ರೊಸೆಸರ್, ಅಷ್ಟೇ ಮೆಮೊರಿ, ಅದೇ ಗಾತ್ರದ ಎಸ್‌ಎಸ್‌ಡಿ. ಆದರೆ ‘ವಿಂಡೋಸ್ 11 ಹೋಮ್, ಒಇಎಂ’ ಎಂಬ ಒಂದು ಸಾಲು ಹೆಚ್ಚಿಗೆ ಇದ್ದು, ಅದರಿಂದಾಗಿ ಪ್ರತಿ ಯಂತ್ರದ ಮೇಲೆ ಹೆಚ್ಚುಕಡಿಮೆ ಒಂದು ಸಾಧಾರಣ ಮಾನಿಟರಿನ ಬೆಲೆಯಷ್ಟು ಏರಿದೆ. ಮೂರನೆಯವರದು ನನ್ನನ್ನು ಇನ್ನಷ್ಟು ಗೊಂದಲಕ್ಕೆ ದೂಡಿದೆ: ‘ವಿಂಡೋಸ್ 11 ಪ್ರೊ, ಲೈಫ್‌ಟೈಮ್’ ಎಂದು ಬರೆದು, ಡಾಸ್ ಯಂತ್ರದ ದರಕ್ಕೆ ಕೆಲವೇ ನೂರು ರೂಪಾಯಿ ಸೇರಿಸಿದ್ದಾರೆ. ಹೋಮ್‌ಗಿಂತ ಪ್ರೊ ದುಬಾರಿಯೆಂದು ಕೇಳಿ ಬಲ್ಲೆ. ಹಾಗಿದ್ದ ಮೇಲೆ ಇದು ಇಷ್ಟು ಅಗ್ಗಕ್ಕೆ ಸಿಗುವುದು ಹೇಗೆ?

ನನ್ನ ಆತಂಕಕ್ಕೆ ಕಾರಣವಿದೆ. ಏಳೆಂಟು ವರ್ಷಗಳ ಹಿಂದೆ ಒಬ್ಬರಿಂದ ಕೊಂಡ ಯಂತ್ರಗಳಲ್ಲಿ ಆರು ತಿಂಗಳು ಕಳೆಯುವಷ್ಟರಲ್ಲಿ ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ‘ವಿಂಡೋಸ್ ಸಕ್ರಿಯಗೊಳಿಸಿ’ ಎಂಬ ಮಸುಕಾದ ಬರಹ ಕಾಣಿಸಿಕೊಂಡಿತು. ಮಾರಿದವರು ಫೋನ್ ಎತ್ತುವುದನ್ನೇ ಬಿಟ್ಟರು. ಮಕ್ಕಳ ಎದುರಿಗೆ ಆ ಬರಹವನ್ನಿಟ್ಟುಕೊಂಡು ಪಾಠ ಮಾಡುವಾಗ ನನಗೆ ಆಗುತ್ತಿದ್ದ ಸಂಕೋಚ ಇನ್ನೂ ನೆನಪಿದೆ. ಈ ಸಲ ದೇಣಿಗೆಯ ಹಣದ ಒಂದೊಂದು ರೂಪಾಯಿಗೂ ಲೆಕ್ಕ ಕೊಡಬೇಕಾಗಿದೆ.

ಸಭೆಯಲ್ಲಿ ಸದಸ್ಯರೊಬ್ಬರು, ‘ನನ್ನ ಮೊಬೈಲಿನಲ್ಲಿಯೂ ಆಪರೇಟಿಂಗ್ ಸಿಸ್ಟಂ ಇದೆ, ಅದಕ್ಕೆ ಯಾರೂ ಪ್ರತ್ಯೇಕ ಹಣ ಕೇಳಲಿಲ್ಲವಲ್ಲ’ ಎಂದರು. ದೇಣಿಗೆ ಕೊಟ್ಟವರಲ್ಲಿ ಒಬ್ಬರು, ಮ್ಯಾಕ್‌ನಲ್ಲಿ ಇಂಥ ಖರ್ಚೇ ಇಲ್ಲ ಎಂದು ಬರೆದಿದ್ದಾರೆ. ಲಿನಕ್ಸ್ ಪೂರ್ತಿ ಉಚಿತವೆಂದು ಇನ್ನೊಬ್ಬರು ಹೇಳುತ್ತಾರೆ. ಅದನ್ನು ಬರೆಯುವವರ ಹೊಟ್ಟೆಪಾಡು ನಡೆಯುವುದು ಹೇಗೆಂದು ಕೇಳಿದರೆ ಅವರಲ್ಲಿ ಉತ್ತರವಿಲ್ಲ. ಇವುಗಳ ಬೆಲೆ ನಿಜಕ್ಕೂ ಹೇಗೆ ನಿಗದಿಯಾಗುತ್ತದೆ, ನಾವು ಹಣ ಕೊಟ್ಟಾಗ ನಮ್ಮ ಕೈಗೆ ಬರುವ ಹಕ್ಕು ಯಾವುದು ಎಂಬುದನ್ನು ಬಲ್ಲವರು ದಯವಿಟ್ಟು ವಿವರಿಸಬೇಕು. ಅಸಲಿ ವಿಂಡೋಸ್ 10 ಇರುವ ನಾಲ್ಕು ಹಳೆಯ ಯಂತ್ರಗಳೂ ನಮ್ಮಲ್ಲಿವೆ. ಅವುಗಳನ್ನು ಏನು ಮಾಡಬೇಕೆಂಬ ಸಲಹೆಯೂ ಬೇಕು.

ಉತ್ತರ 1: ಎಸ್.ಪಿ. ರಸ್ತೆಯ ವ್ಯಾಪಾರಿ

ಮೇಷ್ಟ್ರೇ, ನಮಸ್ಕಾರ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಹಳ ಕಾಲದಿಂದ ಕಂಪ್ಯೂಟರ್ ಅಸೆಂಬಲ್ ಮಾಡಿ ಮಾರುತ್ತಿರುವವನು ನಾನು. ನಿಮ್ಮ ಮೂರು ಕೊಟೇಶನ್‌ಗಳಂಥವು ನಮ್ಮ ಬೀದಿಯಲ್ಲಿ ದಿನವೂ ಬರೆಯಲ್ಪಡುತ್ತವೆ.

‘ಡಾಸ್’ ಎಂದರೆ ವಿಂಡೋಸ್‌ಗೂ ಮೊದಲಿನ, ಮೈಕ್ರೋಸಾಫ್ಟ್‌ನ ಹಳೆಯ ಎಂಎಸ್-ಡಾಸ್ ಎಂದು ತಿಳಿಯಬೇಡಿ. ಕಂಪನಿಗಳು ತಯಾರಿಸುವ ಲ್ಯಾಪ್‌ಟಾಪುಗಳಲ್ಲಿ ಅದು ಹೆಚ್ಚಾಗಿ ಫ್ರೀಡಾಸ್ ಆಗಿರುತ್ತದೆ. 1994ರಲ್ಲಿ ಆರಂಭವಾದ, ಯಾರೂ ಹಣ ತೆರಬೇಕಿಲ್ಲದ ತಂತ್ರಾಂಶವದು. ಯಂತ್ರ ಚಾಲೂ ಆಗುತ್ತದೆ ಎಂದು ತೋರಿಸುವುದಕ್ಕಷ್ಟೇ ಅದು ಅಲ್ಲಿರುತ್ತದೆ. ಅಸೆಂಬಲ್ ಮಾಡಿದ ಯಂತ್ರವಾದರೆ ಡಿಸ್ಕ್ ಖಾಲಿ ಎಂದೇ ಅರ್ಥ.

ಒಇಎಂ ಪರವಾನಗಿಯನ್ನು ಕೊಡುವುದು ಯಂತ್ರ ತಯಾರಿಸುವವರ ಮೂಲಕ. ಅಂಗಡಿಯಲ್ಲಿ ಪೆಟ್ಟಿಗೆಯಲ್ಲಿ ಸಿಗುವ ರಿಟೇಲ್ ಪ್ರತಿಗಿಂತ ಅದು ಅಗ್ಗ, ಆದರೆ ಅಗ್ಗಕ್ಕೆ ತಕ್ಕ ಕಟ್ಟುಪಾಡೂ ಇದೆ: ಮೊದಲು ಯಾವ ಯಂತ್ರಕ್ಕೆ ಹಾಕಿದರೋ ಆ ಯಂತ್ರದೊಂದಿಗೇ ಅದರ ಆಯುಸ್ಸು ಮುಗಿಯುತ್ತದೆ, ಮತ್ತು ತೊಂದರೆಯಾದರೆ ನೆರವು ಕೊಡಬೇಕಾದವನು ಯಂತ್ರ ಮಾರಿದವನೇ ಹೊರತು ಮೈಕ್ರೋಸಾಫ್ಟ್ ಅಲ್ಲ. ಹಿಂದೆ ಲ್ಯಾಪ್‌ಟಾಪಿನ ತಳದಲ್ಲಿ ಒಂದು ಚೀಟಿ ಅಂಟಿಸಿರುತ್ತಿದ್ದರು. ಐದೈದು ಅಕ್ಷರಗಳ ಐದು ಗುಂಪು, ಒಟ್ಟು 25 ಅಕ್ಷರಗಳ ಕೀ. ಎರಡು ಮೂರು ಬೇಸಿಗೆ ಕಳೆಯುವಷ್ಟರಲ್ಲಿ ಕಾವಿಗೂ ತೊಡೆಯ ತಿಕ್ಕಾಟಕ್ಕೂ ಅಕ್ಷರಗಳು ಅಳಿಸಿಹೋಗಿ, ಜನ ಟಾರ್ಚ್ ಬಿಟ್ಟುಕೊಂಡು ಓದಲು ಹೆಣಗಾಡುತ್ತಿದ್ದರು. ವಿಂಡೋಸ್ 8ರ ಕಾಲದಿಂದ ದೊಡ್ಡ ತಯಾರಕರು ಆ ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿಯೇ (ಅದರ ಚಿಪ್ಪಿನೊಳಗಿನ ತಂತ್ರಾಂಶದಲ್ಲಿ) ಬರೆದುಬಿಡುತ್ತಾರೆ. ಅದಕ್ಕಾಗಿಯೇ ಇಂದು ಅಂಥ ಲ್ಯಾಪ್‌ಟಾಪಿಗೆ ವಿಂಡೋಸನ್ನು ಮತ್ತೆ ಹಾಕಿದರೆ ಅದು ಕೀ ಕೇಳುವುದೇ ಇಲ್ಲ.

ರಿಟೇಲ್ ಪ್ರತಿಯನ್ನು ಒಂದು ಯಂತ್ರದಿಂದ ತೆಗೆದು ಇನ್ನೊಂದಕ್ಕೆ ಹಾಕಿಕೊಳ್ಳಬಹುದು. ಅಮೆರಿಕದಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 11 ಹೋಮ್‌ಗೆ 139 ಡಾಲರ್, ಪ್ರೊಗೆ 199.99 ಡಾಲರ್ ಎಂದು ದರ ಹಾಕಿದ್ದು ಇಂಥ ಪ್ರತಿಗೆ. ಹೋಮ್ ಮತ್ತು ಪ್ರೊ ಬೇರೆ ಬೇರೆ ಡಿಸ್ಕಿನಲ್ಲಿ ಬರುತ್ತವೆಂದು ಹಲವರು ತಿಳಿದಿರುತ್ತಾರೆ. ಗ್ರಾಹಕರ ಎದುರಿಗೇ ಹೋಮ್ ಇರುವ ಯಂತ್ರದ ಸೆಟ್ಟಿಂಗ್ಸ್‌ನಲ್ಲಿ ಪ್ರೊ ಕೀಯನ್ನು ಬರೆದು ತೋರಿಸಿದ್ದೇನೆ. ಯಂತ್ರ ಒಮ್ಮೆ ರೀಸ್ಟಾರ್ಟ್ ಆಗಿ, ಅವರು ಕಾಫಿ ಮುಗಿಸುವುದರೊಳಗೆ ಪ್ರೊ ಆಗಿಬಿಡುತ್ತದೆ. ಡೊಮೇನ್‌ಗೆ (ಒಂದೇ ಕಡೆಯಿಂದ ನಿರ್ವಹಿಸುವ ಕಂಪ್ಯೂಟರುಗಳ ಜಾಲಕ್ಕೆ) ಸೇರಿಕೊಳ್ಳುವುದು, ಯಂತ್ರಗಳಿಗೆ ನಿಯಮ ಹಾಕುವ ಗ್ರೂಪ್ ಪಾಲಿಸಿ, ಬೇರೆ ಕಡೆಯಿಂದ ಆ ಯಂತ್ರಕ್ಕೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಪ್ರವೇಶಿಸುವುದು, ಇವೆಲ್ಲ ಆಗಲೇ ಒಳಗಿದ್ದು, ಕೀ ಅವುಗಳ ಬೀಗ ತೆಗೆಯುತ್ತದೆ.

ಇನ್ನು ಮೂರನೆಯ ಕೊಟೇಶನ್. ಕೆಲವು ನೂರು ರೂಪಾಯಿಗೆ ಸಿಗುವ ಇಂಥ ಕೀಗಳು ಸಾಮಾನ್ಯವಾಗಿ ಯಾವುದೋ ಸಂಸ್ಥೆಗೆ ಸಗಟಾಗಿ ಕೊಟ್ಟ ಕೀಗಳು, ಇಲ್ಲವೇ ಗುಜರಿಗೆ ಹೋದ ಯಂತ್ರಗಳಿಂದ ತೆಗೆದವು. ಅವು ಕೆಲಸ ಮಾಡುತ್ತವೆ, ಮೈಕ್ರೋಸಾಫ್ಟ್ ಅವುಗಳನ್ನು ತಡೆಯುವವರೆಗೆ. ಕೀ ಎಂಬುದು ಪರವಾನಗಿಯಲ್ಲ ಎಂಬ ಮಾತನ್ನು ದಯವಿಟ್ಟು ಸಭೆಯ ಗಮನಕ್ಕೆ ತನ್ನಿ. ಬೀಗದಕೈ ಇದ್ದ ಮಾತ್ರಕ್ಕೆ ಮನೆಯ ಪತ್ರ ನಿಮ್ಮ ಹೆಸರಿಗೆ ಆಗುವುದಿಲ್ಲ. ನಿಮ್ಮ ಹಳೆಯ ಯಂತ್ರಗಳಿಗೆ ಆದದ್ದೂ ಬಹುಶಃ ಇದೇ.

ಒಂದು ಎಚ್ಚರಿಕೆಯ ಮಾತು. ಶಾಲೆಗಳಿಗೆ ಶೈಕ್ಷಣಿಕ ರಿಯಾಯಿತಿಯ ವಾಲ್ಯೂಮ್ ಪರವಾನಗಿ (ಹಲವು ಯಂತ್ರಗಳಿಗೆ ಒಟ್ಟಾಗಿ ಕೊಡುವಂಥದು) ಇದೆಯೆಂದು ಯಾರಾದರೂ ಹೇಳಿದರೆ, ಅದು ನಿಜವೇ ಆದರೂ, ವಿಂಡೋಸ್ ಡೆಸ್ಕ್‌ಟಾಪಿನ ಮಟ್ಟಿಗೆ ವಾಲ್ಯೂಮ್ ಪರವಾನಗಿ ಎಂಬುದು ಅಪ್‌ಗ್ರೇಡ್ ಮಾತ್ರ. ಅದಕ್ಕೆ ಮೊದಲು ಯಂತ್ರದಲ್ಲಿ ಅರ್ಹವಾದ ಒಂದು ಮೂಲ ಪರವಾನಗಿ ಇರಲೇಬೇಕು. ಡಾಸ್ ಯಂತ್ರ ಕೊಂಡು ಅದರ ಮೇಲೆ ರಿಯಾಯಿತಿಯ ಅಪ್‌ಗ್ರೇಡ್ ಹಾಕಿಸಿದರೆ ಉಳಿತಾಯವಾಯಿತೆಂದು ನಂಬಿ, ಆಮೇಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದವರನ್ನು ನಾನು ಕಂಡಿದ್ದೇನೆ.

ಉತ್ತರ 2: ನಿವೃತ್ತ ಪ್ರೋಗ್ರಾಮರ್, ಮೈಸೂರು

ಮೇಲಿನವರು ಪದ್ಧತಿಯನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಪರವಾನಗಿಯನ್ನು ಯಂತ್ರಕ್ಕೇ ಕಟ್ಟುವ ಈ ಪದ್ಧತಿ ಎಲ್ಲಿಂದ ಬಂತು ಎಂಬುದನ್ನು ತಿಳಿಯದೆ ಬೆಲೆಯ ಪ್ರಶ್ನೆಗೆ ಉತ್ತರ ಸಿಗುವುದಿಲ್ಲವಾದ್ದರಿಂದ, ಆ ಕಥೆಯನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

1981ರ ಆಗಸ್ಟಿನಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರತಂದಾಗ ಅದರ ಡಾಸ್ ಅನ್ನು ಒದಗಿಸಿದ್ದು ಮೈಕ್ರೋಸಾಫ್ಟ್. ಆ ಡಾಸ್‌ನ ಮೂಲವನ್ನು ಮೈಕ್ರೋಸಾಫ್ಟ್ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಸಣ್ಣ ಕಂಪನಿಯಿಂದ ಒಟ್ಟು 75,000 ಡಾಲರಿಗೆ ಕೊಂಡಿತ್ತು. ಐಬಿಎಂ ಜೊತೆಗಿನ ಒಪ್ಪಂದದಲ್ಲಿ ಬೇರೆ ತಯಾರಕರಿಗೂ ಅದನ್ನು ಮಾರುವ ಹಕ್ಕನ್ನು ತನ್ನಲ್ಲೇ ಉಳಿಸಿಕೊಂಡಿತು. ಮುಂದಿನದೆಲ್ಲ ಆ ಒಂದು ಷರತ್ತಿನ ಫಲ. ಅದೇ ಪಿಸಿಗೆ ಸಿಪಿ/ಎಂ-86 ಎಂಬ ಪ್ರತಿಸ್ಪರ್ಧಿ ವ್ಯವಸ್ಥೆಯನ್ನೂ ಐಬಿಎಂ ಮಾರಿತು. ಡಾಸ್‌ಗೆ 40 ಡಾಲರ್, ಸಿಪಿ/ಎಂ-86ಕ್ಕೆ 240 ಡಾಲರ್. ಗುಣದ ಚರ್ಚೆ ಆರಂಭವಾಗುವ ಮೊದಲೇ ದರಪಟ್ಟಿ ಗಿರಾಕಿಗಳನ್ನು ಒಂದು ಕಡೆಗೆ ಒಯ್ದಿತ್ತು.

ಐಬಿಎಂ ಪಿಸಿಯಂತೆಯೇ ಕೆಲಸ ಮಾಡುವ ಯಂತ್ರಗಳನ್ನು ಹತ್ತಾರು ಕಂಪನಿಗಳು ತಯಾರಿಸತೊಡಗಿದಾಗ ಎಲ್ಲರೂ ಎಂಎಸ್-ಡಾಸ್‌ಗಾಗಿ ಮೈಕ್ರೋಸಾಫ್ಟ್ ಬಾಗಿಲಿಗೆ ಬಂದರು. 1988ರಲ್ಲಿ ಡಿಜಿಟಲ್ ರಿಸರ್ಚ್ ಕಂಪನಿ ಡಿಆರ್-ಡಾಸ್ ಎಂಬ ಬದಲಿಯನ್ನು ತಂದಿತು; ಎಂಎಸ್-ಡಾಸ್‌ನಲ್ಲಿ ಓಡುವ ತಂತ್ರಾಂಶ ಅದರಲ್ಲಿಯೂ ಓಡುತ್ತಿತ್ತು. ತಯಾರಕರು ಅದನ್ನು ಹಾಕಿಕೊಡಲು ಹಿಂಜರಿದದ್ದಕ್ಕೆ ಒಂದು ಮುಖ್ಯ ಕಾರಣ ‘ಪ್ರತಿ ಪ್ರೊಸೆಸರಿಗೆ’ ಎಂಬ ಪರವಾನಗಿ. ಅದರ ಪ್ರಕಾರ ತಯಾರಕ, ತಾನು ಮಾರುವ ಯಂತ್ರದಲ್ಲಿ ಎಂಎಸ್-ಡಾಸ್ ಇರಲಿ ಬಿಡಲಿ, ಆ ಬಗೆಯ ಪ್ರೊಸೆಸರ್ ಇರುವ ಪ್ರತಿಯೊಂದು ಯಂತ್ರಕ್ಕೂ ಮೈಕ್ರೋಸಾಫ್ಟ್‌ಗೆ ಹಣ ಕಟ್ಟಬೇಕಾಗಿತ್ತು. ಊಟಕ್ಕೆ ಕುಳಿತ ಎಲೆಯ ಲೆಕ್ಕದಲ್ಲಿ ಒಬ್ಬ ಉಪ್ಪಿನಕಾಯಿ ವ್ಯಾಪಾರಿಗೆ ಹಣ ಕೊಡಲು ಹೋಟೆಲಿನವರು ಒಪ್ಪಿಕೊಂಡಿದ್ದಾರೆಂದು ಭಾವಿಸಿ. ಬೇರೆಯವರ ಉಪ್ಪಿನಕಾಯಿ ಎಷ್ಟೇ ರುಚಿಯಾಗಿದ್ದರೂ ಅದನ್ನು ಬಡಿಸಿದ ದಿನ ಎರಡಕ್ಕೂ ಹಣ ತೆರಬೇಕಾಗುತ್ತದೆ. ಹಾಗಾಗಿ ಬಡಿಸುವುದೇ ಇಲ್ಲ.

ಅಮೆರಿಕದ ನ್ಯಾಯ ಇಲಾಖೆ ಇದನ್ನು ಪ್ರಶ್ನಿಸಿ, 1994ರ ಜುಲೈನಲ್ಲಿ ಮೈಕ್ರೋಸಾಫ್ಟ್ ಇಂಥ ಪರವಾನಗಿಯನ್ನು ಕೈಬಿಡಲು ಒಪ್ಪಿತು. ನ್ಯಾಯಾಲಯದ ಅಂತಿಮ ಆದೇಶ ಬಂದದ್ದು 1995ರ ಆಗಸ್ಟ್ 21ರಂದು. ಮೂರು ದಿನ ಕಳೆದು, ಆಗಸ್ಟ್ 24ರಂದು, ವಿಂಡೋಸ್ 95 ಬಿಡುಗಡೆಯಾಯಿತು. ಡಾಸ್‌ಗಳ ನಡುವಿನ ಸ್ಪರ್ಧೆಗೆ ನ್ಯಾಯ ಸಿಗುವ ವೇಳೆಗೆ ಡಾಸ್‌ನ ಕಾಲವೇ ಮುಗಿಯುತ್ತಿತ್ತು ಎಂಬುದು ನನಗೆ ಇಂದಿಗೂ ನೋವಿನ ಸಂಗತಿ. ಅದೇ ದಿನದ ಇನ್ನೊಂದು ಘಟನೆ ನ್ಯಾಯಾಲಯದ ದಾಖಲೆಯಲ್ಲಿದೆ: ತನ್ನದೇ ಓಎಸ್/2 ಎಂಬ ವ್ಯವಸ್ಥೆಯನ್ನು ಮಾರುತ್ತಿದ್ದ ಐಬಿಎಂಗೆ ವಿಂಡೋಸ್ 95ರ ಪರವಾನಗಿ ಸಿಕ್ಕಿದ್ದು ಬಿಡುಗಡೆಯ ಸಮಾರಂಭಕ್ಕೆ ಕೇವಲ 15 ನಿಮಿಷ ಮೊದಲು.

ಬೆಲೆ ನಿಗದಿಯಾಗುವ ಬಗೆ ಎಂದು ನೀವು ಕೇಳಿದಿರಿ. ಅಮೆರಿಕ ಸರ್ಕಾರ ಮೈಕ್ರೋಸಾಫ್ಟ್ ಮೇಲೆ ಹೂಡಿದ್ದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ, 1999ರ ನವೆಂಬರಿನಲ್ಲಿ ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ ಪ್ರಕಟಿಸಿದ ತೀರ್ಮಾನಗಳಲ್ಲಿ ಇದಕ್ಕೆ ನೇರವಾದ ಉತ್ತರವಿದೆ. ವಿಂಡೋಸ್ 98ರ ಅಪ್‌ಗ್ರೇಡನ್ನು 49 ಡಾಲರಿಗೆ ಮಾರಬಹುದಾಗಿತ್ತು, ಆದರೆ ಅತಿ ಹೆಚ್ಚು ವರಮಾನ ತರುವ ದರ 89 ಡಾಲರ್ ಎಂದು ಮೈಕ್ರೋಸಾಫ್ಟ್‌ನದೇ 1997ರ ಅಧ್ಯಯನವೊಂದು ಹೇಳಿತ್ತು. ಆ ಹೆಚ್ಚಿನ ದರವನ್ನೇ ಕಂಪನಿ ಆರಿಸಿಕೊಂಡಿತು. ಒಂದು ಪ್ರತಿಯನ್ನು ಹೆಚ್ಚಿಗೆ ತಯಾರಿಸಲು ಖರ್ಚೇ ಇಲ್ಲದ ವಸ್ತುವಿನ ಬೆಲೆಯನ್ನು ತಯಾರಿಕೆಯ ಖರ್ಚಿನಿಂದ ಅಳೆಯಲಾಗುವುದಿಲ್ಲ. ಕೊಳ್ಳುವವನು ಎಷ್ಟು ಕೊಡಬಲ್ಲ, ಬಿಟ್ಟು ಹೋಗಲು ಅವನಿಗೆ ಬೇರೆ ಜಾಗವಿದೆಯೇ ಎಂಬುದೇ ಅಲ್ಲಿನ ಅಳತೆಗೋಲು. ತಯಾರಕರ ನಡುವೆಯೂ ಆಗ ತಾರತಮ್ಯವಿತ್ತು. ಕಾಂಪ್ಯಾಕ್‌ಗೆ ಕಡಿಮೆ ದರ, ಐಬಿಎಂಗೆ ಹೆಚ್ಚು. ಅದೇ ಮೊಕದ್ದಮೆಯ 2002ರ ತೀರ್ಪು, ಅತಿ ದೊಡ್ಡ 20 ತಯಾರಕರಿಗೆ ಒಂದೇ ಬಗೆಯ ಷರತ್ತುಗಳು ಇರಬೇಕೆಂದು ವಿಧಿಸಿತು.

ನಮ್ಮ ದೇಶಕ್ಕೂ ಈ ಅಳತೆಗೋಲು ಬಂದಿದೆ. 2005ರಲ್ಲಿ ವಿಂಡೋಸ್ ಎಕ್ಸ್‌ಪಿಯ ಸ್ಟಾರ್ಟರ್ ಆವೃತ್ತಿಯನ್ನು ಭಾರತದಲ್ಲಿ ಹಿಂದಿಯಲ್ಲಿ ಬಿಡುಗಡೆ ಮಾಡಿದರು. ಕಡಿಮೆ ಬೆಲೆಯ ಹೊಸ ಯಂತ್ರಗಳೊಂದಿಗೆ ಮಾತ್ರ ಸಿಗುತ್ತಿದ್ದ ಅದರಲ್ಲಿ ಒಮ್ಮೆಗೆ ಮೂರಕ್ಕಿಂತ ಹೆಚ್ಚು ಪ್ರೋಗ್ರಾಮುಗಳನ್ನು ತೆರೆಯಲು ಬಿಡುತ್ತಿರಲಿಲ್ಲ. ಯಂತ್ರಕ್ಕೆ ಶಕ್ತಿಯಿದ್ದರೂ ನಾಲ್ಕನೆಯದನ್ನು ತಡೆಯುವಂತೆ ಬೇಕೆಂದೇ ಬರೆಯಲಾಗಿತ್ತು. ಅಗ್ಗದ ಪ್ರತಿಯೇ ಸಾಕೆಂದು ಹಣವುಳ್ಳವರು ಅತ್ತ ಬಾರದಿರಲಿ ಎಂಬ ಲೆಕ್ಕ ಇದರ ಹಿಂದಿನದು ಎಂದು ನನ್ನ ಅಭಿಪ್ರಾಯ. ಇಂದು ಭಾರತದಲ್ಲಿ ಮಾರಾಟವಾಗುವ ಹಲವು ಲ್ಯಾಪ್‌ಟಾಪುಗಳಲ್ಲಿ ಬರುವ ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’ ಆವೃತ್ತಿಯೂ ಇದೇ ಜಾತಿಯದು. ಹೆಸರೇ ಹೇಳುವಂತೆ ಮೆನುಗಳ ಭಾಷೆ ಒಂದಕ್ಕೇ ಸೀಮಿತ. ಕನ್ನಡದಲ್ಲಿ ಟೈಪ್ ಮಾಡಲು ಅದರಿಂದ ಅಡ್ಡಿಯಿಲ್ಲ.

ವಿಂಡೋಸ್ ಬೇಡವಾದವರು ಅದರ ಹಣವನ್ನು ಹಿಂದಕ್ಕೆ ಕೇಳಬಹುದೇ ಎಂಬ ಪ್ರಶ್ನೆಯೂ ಹಳೆಯದು. 1999ರ ಫೆಬ್ರುವರಿ 15ರಂದು ಕ್ಯಾಲಿಫೋರ್ನಿಯಾದಲ್ಲಿ ಲಿನಕ್ಸ್ ಬಳಸುವವರು ಗುಂಪಾಗಿ ಮೈಕ್ರೋಸಾಫ್ಟ್ ಕಚೇರಿಗೆ ಹೋಗಿ ಹಣ ಮರಳಿಸಿರೆಂದು ಕೇಳಿದರು. ತಯಾರಕರನ್ನು ಕೇಳಿ ಎಂಬ ಉತ್ತರ ಬಂತು. ಯುರೋಪಿನ ಅತ್ಯುನ್ನತ ನ್ಯಾಯಾಲಯ 2016ರಲ್ಲಿ, ತಂತ್ರಾಂಶ ಹಾಕಿಯೇ ಯಂತ್ರ ಮಾರುವುದು ತನ್ನಷ್ಟಕ್ಕೆ ಅನ್ಯಾಯದ ವ್ಯಾಪಾರವಲ್ಲ ಎಂದು ತೀರ್ಪಿತ್ತಿತು. ಆದ್ದರಿಂದ ಮೇಷ್ಟ್ರೇ, ಬೇಡವಾದರೆ ಕೊಳ್ಳುವ ಮೊದಲೇ ಬೇಡ ಎನ್ನಬೇಕು. ನಿಮ್ಮ ಮೊದಲ ಕೊಟೇಶನ್ ಆ ಅವಕಾಶವನ್ನು ಕೊಟ್ಟಿದೆ ಎಂಬುದನ್ನು ಮರೆಯಬೇಡಿ.

ಉತ್ತರ 3: ಸನಿವೇಲ್‌ನ ಕನ್ನಡಿಗ

ಮ್ಯಾಕ್ ಮತ್ತು ಮೊಬೈಲಿನ ಬಗ್ಗೆ ಎರಡು ಮಾತು ಮಾತ್ರ.

ಮ್ಯಾಕ್‌ನಲ್ಲಿ ಖರ್ಚೇ ಇಲ್ಲ ಎನ್ನುವುದು ಸರಿಯಲ್ಲ. ಖರ್ಚು ಯಂತ್ರದ ಬೆಲೆಯೊಳಗೆ ಸೇರಿಹೋಗಿದೆ. 2001ರಲ್ಲಿ ಮ್ಯಾಕ್ ಓಎಸ್ ಟೆನ್ ಬಂದಾಗ ಅದರ ದರ 129 ಡಾಲರ್ ಇತ್ತು. 2009ರ ಸ್ನೋ ಲೆಪರ್ಡ್‌ಗೆ 29 ಡಾಲರ್, 2012ರ ಮೌಂಟನ್ ಲಯನ್‌ಗೆ 19.99 ಡಾಲರ್ ಆಗಿ, 2013ರ ಅಕ್ಟೋಬರಿನಲ್ಲಿ ಮ್ಯಾವರಿಕ್ಸ್ ಉಚಿತವಾಯಿತು. ಆಪಲ್ ಹೀಗೆ ಮಾಡಬಲ್ಲದು, ಏಕೆಂದರೆ ಪರವಾನಗಿಯ ಪ್ರಕಾರ ಆ ವ್ಯವಸ್ಥೆಯನ್ನು ಆಪಲ್‌ನ ಯಂತ್ರದ ಮೇಲೆ ಮಾತ್ರ ಹಾಕಬಹುದು. 1995ರಿಂದ ಎರಡು ವರ್ಷ ಬೇರೆ ತಯಾರಕರಿಗೆ ಅನುಮತಿ ಕೊಟ್ಟು ನೋಡಿದರು; ಅವರು ಆಪಲ್‌ನ ಗಿರಾಕಿಗಳನ್ನೇ ಸೆಳೆದುಕೊಂಡರು. 1997ರಲ್ಲಿ ಸ್ಟೀವ್ ಜಾಬ್ಸ್ ಮರಳಿ ಬಂದ ಮೇಲೆ ಅದನ್ನು ನಿಲ್ಲಿಸಿದರು. ಮುಂದೆ ಸೈಸ್ಟಾರ್ ಎಂಬ ಕಂಪನಿ ಸಾಮಾನ್ಯ ಪಿಸಿಯಲ್ಲಿ ಮ್ಯಾಕ್ ವ್ಯವಸ್ಥೆಯನ್ನು ಹಾಕಿ ಮಾರಹೊರಟು ನ್ಯಾಯಾಲಯದಲ್ಲಿ ಸೋತಿತು. ನಿಮ್ಮ ಹತ್ತು ಯಂತ್ರಗಳಿಗೆ ಇದು ದಾರಿಯಲ್ಲ.

ಮೊಬೈಲಿನ ಆಂಡ್ರಾಯ್ಡ್‌ನ ಮೂಲ ಸಂಕೇತ (ಪ್ರೋಗ್ರಾಮರುಗಳು ಬರೆದ ಸೋರ್ಸ್ ಕೋಡ್) ಮುಕ್ತ. ಆದರೆ ಪ್ಲೇ ಸ್ಟೋರ್ ಬೇಕೆಂದರೆ ತಯಾರಕರು ಗೂಗಲ್ ಜೊತೆ ಒಪ್ಪಂದ ಮಾಡಿಕೊಂಡು, ಗೂಗಲ್‌ನ ಇತರ ಆ್ಯಪ್‌ಗಳನ್ನೂ ಒಟ್ಟಿಗೆ ಹಾಕಬೇಕಾಗಿತ್ತು. ಹಣದ ಬದಲಿಗೆ ಜಾಗ ಕೇಳಿದರು ಎಂದಿಟ್ಟುಕೊಳ್ಳಿ. ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಇದಕ್ಕಾಗಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಮರುವರ್ಷದ ಜನವರಿಯಲ್ಲಿ, ಭಾರತದ ತಯಾರಕರು ಬೇಕಾದ ಆ್ಯಪ್‌ಗಳಿಗೆ ಮಾತ್ರ ಪರವಾನಗಿ ಪಡೆಯಬಹುದೆಂದು ಗೂಗಲ್ ಪ್ರಕಟಿಸಿತು.

ಉತ್ತರ 4: ಸರ್ವರ್ ನಿರ್ವಾಹಕಿ, ಹುಬ್ಬಳ್ಳಿ

ಮೇಷ್ಟ್ರಿಗೆ ನಮಸ್ಕಾರ. ಲಿನಕ್ಸ್ ಬರೆಯುವವರ ಹೊಟ್ಟೆಪಾಡಿನ ಪ್ರಶ್ನೆ ನನಗೆ ಬಹಳ ಮೆಚ್ಚುಗೆಯಾಯಿತು, ಏಕೆಂದರೆ ಉಚಿತವೆಂದು ಹೇಳುವವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ.

ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಆರಂಭಿಸಿ, 1992ರಲ್ಲಿ ಅದನ್ನು ರಿಚರ್ಡ್ ಸ್ಟಾಲ್‌ಮನ್ ರೂಪಿಸಿದ ಜಿಪಿಎಲ್ ಪರವಾನಗಿಯಡಿ ತಂದರು. ಈ ಪರವಾನಗಿ ಹಣ ಪಡೆದು ಮಾರುವುದನ್ನು ಎಲ್ಲಿಯೂ ನಿಷೇಧಿಸುವುದಿಲ್ಲ. ಪ್ರತಿ ಪಡೆದವನಿಗೆ ಮೂಲ ಸಂಕೇತವೂ ಸಿಗಬೇಕು, ಅದನ್ನು ತಿದ್ದಿ ಹಂಚುವ ಹಕ್ಕೂ ಇರಬೇಕು ಎಂಬುದಷ್ಟೇ ಅದರ ಷರತ್ತು. ಹಾಗಾಗಿ ಪ್ರತಿಗೆ ಬೆಲೆ ಕಟ್ಟಿ ಹೆಚ್ಚು ದಿನ ಬಾಳಲಾಗುವುದಿಲ್ಲ. ಕೊಂಡವನು ಮರುದಿನವೇ ಉಚಿತವಾಗಿ ಹಂಚಬಹುದು. ರೆಡ್ ಹ್ಯಾಟ್ ಕಂಪನಿ ಇದಕ್ಕೆ ಕಂಡುಕೊಂಡ ದಾರಿ ವಾರ್ಷಿಕ ಚಂದಾ. ನೀವು ಹಣ ಕೊಡುವುದು ಪರೀಕ್ಷಿಸಿದ ಅಪ್‌ಡೇಟುಗಳಿಗೆ, ವರ್ಷಗಟ್ಟಲೆ ಬದಲಾಗದೆ ನಿಲ್ಲುವ ಆವೃತ್ತಿಗೆ, ತೊಂದರೆಯಾದರೆ ಉತ್ತರಿಸುವ ಇಂಜಿನಿಯರಿಗೆ. ಐಬಿಎಂ 2019ರಲ್ಲಿ ಆ ಕಂಪನಿಯನ್ನು 34 ಶತಕೋಟಿ ಡಾಲರಿಗೆ ಕೊಂಡಿತು ಎಂದರೆ, ಹೊಟ್ಟೆಪಾಡು ಚೆನ್ನಾಗಿಯೇ ನಡೆದಿದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಬಹುಪಾಲು ಕೆಲಸವನ್ನು ಇಂದು ಮಾಡುವವರು ಇಂಟೆಲ್, ಗೂಗಲ್, ರೆಡ್ ಹ್ಯಾಟ್‌ನಂಥ ಕಂಪನಿಗಳಲ್ಲಿ ಸಂಬಳ ಪಡೆಯುವ ಇಂಜಿನಿಯರುಗಳು.

ಉಚಿತವಾದದ್ದಕ್ಕೂ ಅವಧಿಯ ಪ್ರಶ್ನೆಯಿದೆ ಎಂಬುದನ್ನು ಮುಚ್ಚಿಡಬಾರದು. ರೆಡ್ ಹ್ಯಾಟ್‌ನದೇ ಮೂಲ ಸಂಕೇತದಿಂದ ಕಟ್ಟಿ ಉಚಿತವಾಗಿ ಹಂಚುತ್ತಿದ್ದ ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಅಪ್‌ಡೇಟು ಸಿಗುತ್ತದೆಂಬ ನಿರೀಕ್ಷೆಯಿತ್ತು. 2020ರ ಡಿಸೆಂಬರಿನಲ್ಲಿ, 2021ರ ಕೊನೆಗೇ ಮುಗಿಯುತ್ತದೆ ಎಂಬ ಪ್ರಕಟಣೆ ಬಂತು. ಜಿಪಿಎಲ್‌ನ ಹಕ್ಕು ಇದ್ದುದರಿಂದಲೇ ಆಲ್ಮಾ ಮತ್ತು ರಾಕಿ ಎಂಬ ಎರಡು ಬದಲಿಗಳು ಕೆಲವೇ ತಿಂಗಳಲ್ಲಿ ಹುಟ್ಟಿಕೊಂಡವು. ಮುಚ್ಚಿದ ತಂತ್ರಾಂಶದಲ್ಲಿ ಇಂಥ ಬದಲಿ ಹುಟ್ಟಲು ಸಾಧ್ಯವಿಲ್ಲ.

ಸರ್ವರ್ ಕಡೆಯ ದರ ಇನ್ನೂ ಜಟಿಲ. ವಿಂಡೋಸ್ ಸರ್ವರ್ 2016ರಿಂದ ಪರವಾನಗಿಯನ್ನು ಪ್ರೊಸೆಸರಿನ ಕೋರ್‌ಗಳ (ಅದರೊಳಗಿನ ಸಂಸ್ಕರಣಾ ಘಟಕಗಳ) ಲೆಕ್ಕದಲ್ಲಿ ಕೊಡುತ್ತಾರೆ. ನಿಮ್ಮ ಯಂತ್ರದಲ್ಲಿ ನಾಲ್ಕೇ ಕೋರ್ ಇದ್ದರೂ ಕನಿಷ್ಠ 16ಕ್ಕೆ ಹಣ ತೆರಬೇಕು. ಅದರ ಮೇಲೆ, ಆ ಸರ್ವರನ್ನು ಬಳಸುವ ಪ್ರತಿ ವ್ಯಕ್ತಿಗೆ ಅಥವಾ ಪ್ರತಿ ಸಾಧನಕ್ಕೆ ಕ್ಯಾಲ್ ಎಂಬ ಪ್ರತ್ಯೇಕ ಪರವಾನಗಿ ಬೇಕು. ಕ್ಯಾಲ್ ಎಂದರೆ ಕಾಗದದ ಮೇಲಿನ ಹಕ್ಕು. ಫೈಲ್ ಹಂಚಿಕೊಳ್ಳುವ ಸರ್ವರಿನಲ್ಲಿ ಅದಿಲ್ಲದಿದ್ದರೂ ಯಂತ್ರ ತಡೆಯುವುದಿಲ್ಲ, ಆದ್ದರಿಂದಲೇ ಬಹಳ ಮಂದಿ ಮರೆಯುತ್ತಾರೆ. ಮಕ್ಕಳ ಕಡತಗಳನ್ನು ಒಂದೆಡೆ ಇಡಲು ನಿಮಗೆ ಸರ್ವರ್ ಬೇಕೆನಿಸಿದರೆ, ಉಚಿತ ಲಿನಕ್ಸ್ ಆವೃತ್ತಿಯಾದ ಡೆಬಿಯನ್ ಮೇಲೆ, ಫೈಲ್ ಹಂಚುವ ಸಾಂಬಾ ಎಂಬ ತಂತ್ರಾಂಶ ಹಾಕಿ. ವಿಂಡೋಸ್ ಯಂತ್ರಗಳೂ ಅದನ್ನು ತೆರೆಯಬಲ್ಲವು, ಕ್ಯಾಲ್ ಬೇಕಾಗಿಲ್ಲ.

ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳು ಬಹಳ ಕಾಲದಿಂದ ಲಿನಕ್ಸ್ ಮೇಲೆ ಪಾಠ ಮಾಡುತ್ತಿವೆ. ಅಲ್ಲಿನ ಕೈಟ್ ಎಂಬ ಸಂಸ್ಥೆ ಉಬುಂಟು ಎಂಬ ಲಿನಕ್ಸ್ ಆವೃತ್ತಿಯನ್ನು ಆಧರಿಸಿ ಶಾಲೆಗಳಿಗೆಂದೇ ಒಂದು ಆವೃತ್ತಿಯನ್ನು ಸಿದ್ಧಪಡಿಸಿ, ಶಿಕ್ಷಕರಿಗೆ ತರಬೇತಿಯನ್ನೂ ಕೊಡುತ್ತದೆ. ಪರವಾನಗಿಯ ಹಣ ಉಳಿದರೂ ತರಬೇತಿಯ ಶ್ರಮ ಉಳಿಯುವುದಿಲ್ಲ ಎಂಬುದನ್ನು ಅವರು ಮೊದಲೇ ಅರಿತಿದ್ದರು. ನಿಮ್ಮ ಶಾಲೆಯಲ್ಲಿ ಆ ಶ್ರಮ ಪಡುವವರು ನೀವೊಬ್ಬರೇ ಆಗಿದ್ದರೆ, ಹತ್ತರಲ್ಲಿ ಎಂಟಕ್ಕೆ ಉಬುಂಟು ಹಾಕಿ, ಎರಡನ್ನು ವಿಂಡೋಸ್‌ಗೆ ಇಟ್ಟುಕೊಳ್ಳುವುದು ವಿವೇಕವೆಂದು ನನಗೆ ತೋರುತ್ತದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಹಣವಿಲ್ಲದೆಯೇ ಐದು ವರ್ಷ ಭದ್ರತಾ ತಿದ್ದುಪಡಿಗಳು ಬರುತ್ತವೆ.

ಪ್ರಶ್ನೆ ಕೇಳಿದವರು: ಗಣಿತದ ಮೇಷ್ಟ್ರು, ಶಿರಸಿ

ತಾವೆಲ್ಲರೂ ಇಷ್ಟು ಶ್ರದ್ಧೆಯಿಂದ ಬರೆದಿದ್ದಕ್ಕೆ ಕೃತಜ್ಞ. ಎಲ್ಲವನ್ನೂ ಮುದ್ರಿಸಿಕೊಂಡು ಮುಖ್ಯೋಪಾಧ್ಯಾಯರಿಗೆ ಓದಿ ಹೇಳಿದೆ. ಮೂರನೆಯ ಕೊಟೇಶನ್ ಕೊಟ್ಟವರಿಗೆ ಫೋನ್ ಮಾಡಿ, ‘ಬಿಲ್ಲಿನಲ್ಲಿ ಪರವಾನಗಿಯ ಬಗೆಯನ್ನು ಒಇಎಂ ಅಥವಾ ರಿಟೇಲ್ ಎಂದು ಬರೆದು, ಅದಕ್ಕೆ ಜಿಎಸ್‌ಟಿ ಹಾಕಿ ಕೊಡುತ್ತೀರಾ’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅದು ಸಾಧ್ಯವಿಲ್ಲ ಎಂದರು. ಆ ಕೊಟೇಶನ್ನನ್ನು ಕೈಬಿಟ್ಟಿದ್ದೇವೆ.

ಎಂಟು ಉಬುಂಟು, ಎರಡು ವಿಂಡೋಸ್ ಎಂಬ ಸಲಹೆ ಸಭೆಗೂ ಒಪ್ಪಿಗೆಯಾಗುವಂತಿದೆ. ಉಳಿದ ಹಣದಲ್ಲಿ ಒಂದು ಒಳ್ಳೆಯ ಯುಪಿಎಸ್ ಬರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಅದರ ಅಗತ್ಯ ಎಷ್ಟೆಂಬುದು ಮಲೆನಾಡಿನವರಿಗೆ ಗೊತ್ತು. ಎರಡು ಸಂದೇಹಗಳು ಉಳಿದಿವೆ. ಹಳೆಯ ನಾಲ್ಕು ವಿಂಡೋಸ್ 10 ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಲ್ಲ ಎಂದು ಪರದೆಯ ಮೇಲೆಯೇ ಬರುತ್ತಿದೆ. ಮತ್ತೆ, ಇಲಾಖೆಗೆ ಕಳಿಸುವ ಪತ್ರಗಳನ್ನು ನಾವು ಇಂದಿಗೂ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬರೆಯುತ್ತೇವೆ. ಉಬುಂಟುವಿನಲ್ಲಿ ಅದರ ಗತಿಯೇನು?

ಉತ್ತರ 5: ಸರ್ವರ್ ನಿರ್ವಾಹಕಿ, ಹುಬ್ಬಳ್ಳಿ

ಮೇಷ್ಟ್ರೇ, ನಿಮ್ಮ ಮೊದಲ ಸಂದೇಹದಲ್ಲಿ, ಬೆಲೆಯ ಬಗ್ಗೆ ನಮ್ಮ ನಿವೃತ್ತ ಪ್ರೋಗ್ರಾಮರ್ ಹೇಳಿದ ಅಳತೆಗೋಲೇ ಮತ್ತೊಮ್ಮೆ ಕಾಣಿಸುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಬಳಿಕದ ಭದ್ರತಾ ತಿದ್ದುಪಡಿಗಳಿಗೆ ಮೈಕ್ರೋಸಾಫ್ಟ್ ಪ್ರಕಟಿಸಿದ ದರ ಹೀಗಿದೆ: ಮನೆಬಳಕೆಗೆ ಒಂದು ವರ್ಷಕ್ಕೆ 30 ಡಾಲರ್, ಕಂಪನಿಗಳಿಗೆ ಪ್ರತಿ ಯಂತ್ರಕ್ಕೆ ಮೊದಲ ವರ್ಷ 61 ಡಾಲರ್ ಆಗಿ ವರ್ಷವರ್ಷವೂ ಇಮ್ಮಡಿ, ಶಿಕ್ಷಣ ಸಂಸ್ಥೆಗಳಿಗೆ ಮೊದಲ ವರ್ಷ 1 ಡಾಲರ್, ಎರಡನೆಯ ವರ್ಷ 2, ಮೂರನೆಯ ವರ್ಷ 4. ತಿದ್ದುಪಡಿ ಅದೇ, ಗಿರಾಕಿ ಮಾತ್ರ ಬೇರೆ. ಮನೆಯವರಿಗೆ ಹಣವಿಲ್ಲದೆ ಸೇರುವ ದಾರಿಯೂ ಇದೆ, ಆದರೆ ಆ ಯೋಜನೆ ಶಾಲೆಗೆ ಅನ್ವಯಿಸುವುದಿಲ್ಲ. ಶೈಕ್ಷಣಿಕ ಪರವಾನಗಿ ಮಾರುವ ಅಧಿಕೃತ ಮಾರಾಟಗಾರರನ್ನು ವಿಚಾರಿಸಿ. ಅದು ತಲೆನೋವೆನಿಸಿದರೆ ಆ ನಾಲ್ಕಕ್ಕೂ ಉಬುಂಟು ಹಾಕಿಬಿಡಿ. ಅವುಗಳಲ್ಲಿ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ, ಇನ್ನೂ ಹಲವು ವರ್ಷ ಬಾಳುತ್ತವೆ.

ಇನ್ನು ಎರಡನೆಯದು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ವಿಂಡೋಸ್‌ಗೆ ಬರೆದದ್ದು, ಆದರೆ ನಿಮ್ಮ ಬೆರಳಿಗೆ ಅಭ್ಯಾಸವಾದ ಕೀಲಿಮಣೆಯ ವಿನ್ಯಾಸ ಉಬುಂಟುವಿನಲ್ಲಿ ಆಗಲೇ ಇದೆ. ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ ಹೊಸ ಇನ್‌ಪುಟ್ ಸೇರಿಸುವಾಗ ಕನ್ನಡದ ಕೆಳಗೆ ‘ಕಗಪ’ ಎಂಬ ಹೆಸರಿನದನ್ನು ಆರಿಸಿ. ಅಕ್ಷರಗಳು ನೇರವಾಗಿ, ಎಲ್ಲ ಭಾಷೆಗಳಿಗೂ ಇರುವ ಸಾಮಾನ್ಯ ಸಂಕೇತವಾದ ಯೂನಿಕೋಡ್‌ನಲ್ಲಿ ಮೂಡುತ್ತವೆ. ಗುಬ್ಬಿ, ನವಿಲು, ಲೋಹಿತ್, ನೋಟೋ ಮೊದಲಾದ ಫಾಂಟುಗಳು ಹಣವಿಲ್ಲದೆ ಸಿಗುತ್ತವೆ. ಹಳೆಯ ನುಡಿ ಕಡತಗಳು ಇಂಗ್ಲಿಷ್ ಅಕ್ಷರಗಳಿಗೆಂದು ಮಾಡಿದ ಆಸ್ಕಿ ಸಂಕೇತದಲ್ಲಿರುವುದರಿಂದ ಅವನ್ನು ಹಾಗೆಯೇ ತೆರೆದರೆ ಚಿತ್ರವಿಚಿತ್ರವಾದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅವನ್ನು ಒಮ್ಮೆ ಯೂನಿಕೋಡ್‌ಗೆ ಪರಿವರ್ತಿಸಿಕೊಂಡು, ಒತ್ತಕ್ಷರ ಮತ್ತು ಅರ್ಕಾವೊತ್ತು ಸರಿಯಾಗಿ ಬಂದಿವೆಯೇ ಎಂದು ಕಣ್ಣಾಡಿಸಿ. ತಪ್ಪುಗಳು ಉಳಿಯುವುದು ಹೆಚ್ಚಾಗಿ ಅಲ್ಲಿಯೇ. ಪರಿವರ್ತನೆಯ ಕೆಲಸವನ್ನು ನೀವು ಉಳಿಸಿಕೊಳ್ಳುವ ಎರಡು ವಿಂಡೋಸ್ ಯಂತ್ರಗಳಲ್ಲಿ ಒಂದರಲ್ಲಿ ಮಾಡಿ ಮುಗಿಸಿ, ಆಮೇಲೆ ಕಡತಗಳನ್ನು ಉಳಿದವುಗಳಿಗೆ ಹಂಚಿಕೊಳ್ಳಬಹುದು.